ದೊರೆಸ್ವಾಮಿ ಆರಿಸಿದ ಮೇವಿನ ಯಂತ್ರ

ಒಂದು ಮಿಕ್ಸಿ ಕೊಳ್ಳಬೇಕೆಂದರೂ ದೊರೆಸ್ವಾಮಿ ನಾಲ್ಕು ಅಂಗಡಿ ಸುತ್ತುವವನು. ಜಾರಿನ ಮುಚ್ಚಳ ತೆಗೆದು ಹಾಕಿ ನೋಡುತ್ತಿದ್ದ, ವೈರನ್ನು ಜಗ್ಗಿ ನೋಡುತ್ತಿದ್ದ, ಮೋಟಾರಿನ ಹತ್ತಿರ ಮೂಗು ಒಯ್ದು ಸುಟ್ಟ ವಾಸನೆ ಬರುತ್ತದೆಯೇ ಎಂದು ಪರೀಕ್ಷಿಸುತ್ತಿದ್ದ. ಅಷ್ಟೆಲ್ಲ ಆದ ಮೇಲೆ ಅಂಗಡಿಯವನಿಗೆ “ಯೋಚನೆ ಮಾಡಿ ಬರ್ತೀವಿ” ಎಂದು ಹೇಳಿ ಹೊರಟುಬಿಡುತ್ತಿದ್ದ. ಅವನ ಹೆಂಡತಿ ರತ್ನಪ್ರಭಾ ಪರಿಚಯದವರ ಮುಂದೆ, “ನನ್ನ ನೋಡೋಕೆ ಬಂದಾಗ ಮಾತ್ರ ಒಂದೇ ಸಲಕ್ಕೆ ಹೂಂ ಅಂದ್ಬಿಟ್ರು ಕಣ್ರೀ. ಇವರು ಪರೀಕ್ಷೆ ಮಾಡದೆ ಮನೆಗೆ ತಂದಿದ್ದು ಅದೊಂದೇ” ಎಂದು ನಗಿಸುತ್ತಿದ್ದಳು.

ತಿ. ನರಸೀಪುರದಲ್ಲಿ ಹುಟ್ಟಿ, ಮೈಸೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಕೆಲಕಾಲ ಪಂಪ್‌ಸೆಟ್ ಕಂಪನಿಯೊಂದರಲ್ಲಿ ದುಡಿದು ದೋಹಾಕ್ಕೆ ಬಂದವನು ಅವನು. ಬಂದಾಗ ತಲೆತುಂಬ ಕಪ್ಪು ಕೂದಲಿತ್ತು; ಈಗ ನೆತ್ತಿ ಬಯಲಾಗಿದೆ. ವೆಸ್ಟ್ ಬೇಯ ಗೋಪುರವೊಂದರಲ್ಲಿ ಒಂದು ಕತಾರಿ ಮನೆತನದ ವ್ಯವಹಾರ ನೋಡಿಕೊಳ್ಳುವ ಆಫೀಸಿದೆ. ಆ ಮನೆತನದ ವಿಲ್ಲಾಗಳ ಎ.ಸಿ., ಲಿಫ್ಟು, ಜನರೇಟರು, ನೀರಿನ ಪಂಪು ಎಲ್ಲವನ್ನೂ ಕೊಳ್ಳುವುದು ಮತ್ತು ಕೆಡದಂತೆ ಕಾಯುವುದು ದೊರೆಸ್ವಾಮಿಯ ಕೆಲಸ. ಅವನು ಕೊಂಡ ಯಾವ ಸಾಮಾನೂ ನಡುನೀರಿನಲ್ಲಿ ಕೈಬಿಟ್ಟದ್ದಿಲ್ಲ ಎಂಬ ಹೆಸರಿತ್ತು. ಮನೆತನದ ಹಿರಿಮಗ ನಾಸರ್, ಆಫೀಸಿನ ಮುಖ್ಯಸ್ಥ, “ದೊರೆ ಓಕೆ ಅಂದನಾ? ಹಾಗಾದರೆ ಖಲಾಸ್” ಎಂದು ಕಾಗದಕ್ಕೆ ಸಹಿ ಹಾಕುತ್ತಿದ್ದ. ಆ ಮಾತು ಕಿವಿಗೆ ಬಿದ್ದ ದಿನ ದೊರೆಸ್ವಾಮಿ ಅಲ್ ಗರಾಫಾದ ತನ್ನ ಫ್ಲಾಟಿಗೆ ಹಾಡು ಗುನುಗುತ್ತ ಬರುತ್ತಿದ್ದ.

ಆ ಮನೆತನಕ್ಕೆ ಅಲ್ ಖೋರ್ ದಾಟಿ ಉತ್ತರಕ್ಕೆ ಹೋದರೆ ಒಂದು ಬೇಟೆಯ ಜಮೀನಿತ್ತು. ಹಿರಿಯರ ಕಾಲದಿಂದ ಬಂದದ್ದು. ಸುತ್ತಲೂ ಎತ್ತರದ ತಂತಿಬೇಲಿ; ಒಳಗೆ ಕಲ್ಲುಮಣ್ಣಿನ ಬಯಲು, ಅಲ್ಲಲ್ಲಿ ಮುಳ್ಳುಗಿಡ. ಚಳಿಗಾಲದಲ್ಲಿ ನಾಸರನ ತಂದೆ ಗೆಳೆಯರನ್ನು ಕಟ್ಟಿಕೊಂಡು ಹೋಗಿ ಗುಡಾರ ಹಾಕಿಸಿ ಗಿಡುಗಗಳನ್ನು ಹಾರಿಸುತ್ತಿದ್ದರು. ಬೇಟೆ ಎಂದರೆ ಅಷ್ಟೇ. ಒಳಗಿದ್ದ ಜಿಂಕೆಗಳಿಗೆ ಯಾರೂ ಕೈಮುಟ್ಟುತ್ತಿರಲಿಲ್ಲ. ಮರಳಿನ ಬಣ್ಣದ ಮೈ, ಬಿಳಿಯ ಹೊಟ್ಟೆ, ಕಾಡಿಗೆ ತೀಡಿದಂಥ ಕಣ್ಣು; ಸಂಜೆ ಹೊತ್ತು ಅವು ಸಾಲಾಗಿ ನಡೆದು ಬರುವುದನ್ನು ಅತಿಥಿಗಳಿಗೆ ತೋರಿಸುವುದೇ ಆ ಮುದುಕರಿಗೆ ಒಂದು ಹೆಮ್ಮೆ. ಆದರೆ ಬೇಲಿಯೊಳಗಿನ ಬಯಲು ಅಷ್ಟು ಜಿಂಕೆಗಳನ್ನು ಸಾಕಲಾರದು. ಬೆಳಿಗ್ಗೆ ಸಂಜೆ ಯಾರಾದರೂ ಮೇವು ಹಾಕಲೇಬೇಕು.

ಆ ಯಾರಾದರೂ ಎಂದರೆ ತನಿಯ.

ಜನರೇಟರ್ ನೋಡಲೆಂದು ದೊರೆಸ್ವಾಮಿ ಮೊದಲ ಸಲ ಅಲ್ಲಿಗೆ ಹೋದಾಗ, ಹೆಗಲ ಮೇಲೆ ಚೀಲ ಹೊತ್ತ ಗಿಡ್ಡ ಮನುಷ್ಯನೊಬ್ಬ ಬಯಲಿನತ್ತ ಮುಖಮಾಡಿ “ಬಲೆ, ಬಲೆ” ಎಂದು ಕೂಗುತ್ತಿದ್ದ. ಈ ಮರಳುಗಾಡಿನಲ್ಲಿ ಬಲೆ ಬೀಸಿ ಏನು ಹಿಡಿಯುತ್ತಾನಪ್ಪ ಎಂದು ದೊರೆಸ್ವಾಮಿಗೆ ಆಶ್ಚರ್ಯ. ಹತ್ತಿರ ಹೋಗಿ ಕನ್ನಡದಲ್ಲೇ ಕೇಳಿಬಿಟ್ಟ. ಆ ಮನುಷ್ಯ ಚೀಲ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ.

“ತುಳುವಿನಲ್ಲಿ ಬಲೆ ಅಂದ್ರೆ ಬನ್ನಿ ಅಂತ ಸರ್. ಇವುಗಳಿಗೆ ಅರಬ್ಬಿ ಬರ್ಲಿಕ್ಕಿಲ್ಲ, ನನ್ನ ಕೈಯಲ್ಲಿ ಬೆಳೆದದ್ದಲ್ವಾ, ತುಳುವೇ ಗೊತ್ತು.”

ವಿಟ್ಲದ ಕಡೆಯ ತನಿಯ ದೊರೆಸ್ವಾಮಿಗಿಂತ ಏಳೆಂಟು ವರ್ಷ ದೊಡ್ಡವನು. ದೊರೆಸ್ವಾಮಿ ಅವನನ್ನು ತನಿಯಣ್ಣ ಎನ್ನತೊಡಗಿದ. ತನಿಯ ಸರ್ ಎನ್ನುವುದನ್ನು ಮಾತ್ರ ಬಿಡಲಿಲ್ಲ. ಜನರೇಟರಿಗೆ ಕೆಲಸವಿರಲಿ ಇಲ್ಲದಿರಲಿ, ದೊರೆಸ್ವಾಮಿ ತಿಂಗಳಿಗೊಮ್ಮೆ ಅತ್ತ ಹೋಗುವುದು ರೂಢಿಯಾಯಿತು. ರತ್ನಪ್ರಭಾ ಬಿಸಿಬೇಳೆಬಾತೋ ಒಬ್ಬಟ್ಟೋ ಮಾಡಿದರೆ ಒಂದು ಡಬ್ಬಿ ತನಿಯನಿಗೆ. ತಗಡಿನ ಕೋಣೆಯ ನೆರಳಲ್ಲಿ ಕೂತು ಇಬ್ಬರೂ ಕಪ್ಪು ಚಹಾ ಕುಡಿಯುವರು. ತನಿಯ ಜಿಂಕೆಗಳ ಸುದ್ದಿ ಹೇಳುವನು: ಯಾವುದು ಬಸುರಿ, ಯಾವುದು ಜಗಳಗಂಟಿ, ಯಾವುದು ಮರಿಯನ್ನು ಸೇರಿಸುವುದಿಲ್ಲ. ಆಫೀಸಿನಲ್ಲಿ ಆಡಲಾಗದ ಮಾತುಗಳನ್ನು ದೊರೆಸ್ವಾಮಿ ಅಲ್ಲಿ ಆಡಿ ಹಗುರಾಗುವನು.

ಊರಿಗೆ ಹೋಗುವ ವಿಷಯ ಬಂದರೆ ಮಾತ್ರ ತನಿಯ ಮಾತನ್ನು ಬೇರೆ ಕಡೆ ತಿರುಗಿಸುತ್ತಿದ್ದ. ಹಿಂದಿನ ಸಲ ಅವನು ರಜೆಗೆ ಹೋದಾಗ ಮೇವು ಹಾಕಲು ಬಂದ ಬದಲಿ ಆಳು ಜ್ವರ ಬಂದು ಮಲಗಿದ್ದ, ಯಾರಿಗೂ ತಿಳಿಸಲಿಲ್ಲ. ನೀರಿನ ಲಾರಿಯವನು ನೋಡುವ ಹೊತ್ತಿಗೆ ಕೆಲವು ಮರಿಗಳು ಸತ್ತಿದ್ದವು. ಮುದುಕರು ಬಹಳ ನೊಂದುಕೊಂಡರು. ಅಲ್ಲಿಂದಾಚೆ ತನಿಯ ರಜೆ ಕೇಳಿದಾಗಲೆಲ್ಲ ನಾಸರ್, “ನೀನು ಹೋದರೆ ಅವಕ್ಕೆ ಯಾರು?” ಎನ್ನುವುದು, ತನಿಯ ತಲೆ ತಗ್ಗಿಸಿ ಬರುವುದು. ಹೀಗೇ ವರ್ಷಗಳು ಉರುಳಿದವು.

ಒಂದು ಮೇ ತಿಂಗಳಿನಲ್ಲಿ ದೊರೆಸ್ವಾಮಿ ಹೋದಾಗ ಚಹಾ ಕಾಯಿಸಿರಲಿಲ್ಲ. ತನಿಯ ಮೊಬೈಲನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದ.

“ಪೂವಕ್ಕನಿಗೆ ಗರ್ಭಕೋಶ ತೆಗಿಬೇಕಂತೆ ಸರ್. ಮಂಗಳೂರಿನ ಡಾಕ್ಟ್ರು ಹೇಳಿದ್ದು, ಮಳೆಗಾಲ ಮುಗಿಯುವುದರೊಳಗೆ ಅಂತ.” ಪೂವಕ್ಕ ಅವನ ಹೆಂಡತಿ. “ಅವಳು ಇಷ್ಟು ವರ್ಷದಲ್ಲಿ ಒಂದು ದಿನ ಬನ್ನಿ ಅಂತ ಹೇಳಿದವಳಲ್ಲ. ನಿನ್ನೆ ಹೇಳಿದಳು. ಒಳಗೆ ಕರ್ಕೊಂಡು ಹೋಗುವಾಗ ನೀವು ಬಾಗಿಲಲ್ಲಿ ಇದ್ದೀರಿ ಅಂತ ಗೊತ್ತಿದ್ರೆ ಹೆದರಿಕೆ ಇಲ್ಲ ಅಂತ.”

“ರಜೆ ಕೇಳಿದ್ರಾ?”

“ಕೇಳಿ ಎಂತ ಮಾಡುವುದು? ಉತ್ತರ ಗೊತ್ತುಂಟಲ್ಲ.”

ದೊರೆಸ್ವಾಮಿ ಬಯಲಿನತ್ತ ನೋಡುತ್ತ ನಿಂತ. ಯಾವ ತೊಂದರೆಗಾದರೂ ಎಲ್ಲೋ ಒಂದು ಯಂತ್ರ ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ಬೇಕು ಎಂದು ನಂಬಿದ್ದವನು ಅವನು. “ತನಿಯಣ್ಣ, ಇದನ್ನ ನನಗೆ ಬಿಡಿ” ಎಂದ.

ಆ ರಾತ್ರಿಯಿಂದಲೇ ಹುಡುಕಾಟ ಶುರುವಾಯಿತು. ಬೇಟೆಯ ಜಮೀನುಗಳಲ್ಲಿ ಜಿಂಕೆಗಳಿಗೆ ತಾನೇ ಮೇವು ಹಾಕುವ ಯಂತ್ರಗಳು ಪರದೇಶಗಳಲ್ಲಿ ಬೇಕಾದಷ್ಟಿವೆ ಎಂದು ಅವನಿಗೆ ಗೊತ್ತಾಯಿತು. ಆದರೆ ಅವೆಲ್ಲ ಮರಗಿಡಗಳ ನಡುವೆ, ಒಣ ಜೋಳ ಎರಚಲು ಮಾಡಿದವು. ದೋಹಾದ ಆಗಸ್ಟಿನ ಬಿಸಿಲನ್ನೂ ಬೆಳಗಿನ ಜಾವದ ಒದ್ದೆ ಗಾಳಿಯನ್ನೂ ಅವು ಕಂಡಿರಲಿಲ್ಲ. ಮೊದಲು ತಂದದ್ದು ಪ್ಲಾಸ್ಟಿಕ್ ಪೀಪಾಯಿಯ ಯಂತ್ರ. ಕೆಳಗೊಂದು ಚಿಕ್ಕ ತಟ್ಟೆ. ಹೊತ್ತಿಗೆ ಸರಿಯಾಗಿ ಗಿರ್ರನೆ ತಿರುಗಿ ಮೇವು ಚೆಲ್ಲಬೇಕು. ಸೆಕೆಗೆ ಉಂಡೆಮೇವೆಲ್ಲ ಬೆವತು ಅಂಟಾಗಿ, ತಟ್ಟೆ ಕಚ್ಚಿಕೊಂಡು ನಿಂತುಬಿಟ್ಟಿತು. ಆಮೇಲೆ ಬಂದದ್ದು ಮೋಟಾರಿಲ್ಲದ್ದು. ಡ್ರಮ್ಮಿನ ಬುಡದಲ್ಲಿ ಕೊಳವೆ, ಜಿಂಕೆ ತಿಂದಷ್ಟೂ ಮೇವು ತಾನೇ ಇಳಿಯುತ್ತದೆ. ಕೆಡಲು ಅದರಲ್ಲಿ ಏನೂ ಇರಲಿಲ್ಲ. ಆದರೆ ಎರಡು ಮೂರು ದಿನಕ್ಕೊಮ್ಮೆ ಮೇವು ಒಳಗೇ ಕಟ್ಟಿಕೊಳ್ಳುತ್ತಿತ್ತು, ಯಾರಾದರೂ ಬಂದು ಕೊಳವೆ ತಟ್ಟಬೇಕಿತ್ತು. ಸಾಲದ್ದಕ್ಕೆ ಬಲವಾದ ಗಂಡು ಜಿಂಕೆ ಅಲ್ಲೇ ಠಿಕಾಣಿ ಹೂಡಿ ಮೇವು ಮುಕ್ಕಿ ಹೊಟ್ಟೆ ಉಬ್ಬರಿಸಿಕೊಂಡಿತು.

“ಇದೇ ಸಾಕು ಸರ್,” ಎಂದಿದ್ದ ತನಿಯ. “ಲಾರಿಯವನಿಗೆ ಹೇಳಿದ್ರೆ ಬಂದಾಗ ಒಂದು ತಟ್ಟು ತಟ್ತಾನೆ. ಒಂದು ತಿಂಗಳ ಮಟ್ಟಿಗೆ ಅಲ್ವಾ?”

“ಛೆ, ಅರೆಬರೆ ಕೆಲಸ ಆಗಬಾರದು. ನೀವು ಅಲ್ಲಿ ಆಸ್ಪತ್ರೆಯಲ್ಲಿ ಕೂತು ಇಲ್ಲಿ ಏನಾಯ್ತೋ ಅಂತ ಒದ್ದಾಡಬಾರದು.”

ಮಾತು ಸುಳ್ಳಲ್ಲ. ಆದರೆ ಅಷ್ಟು ಹೊತ್ತಿಗೆ ದೊರೆಸ್ವಾಮಿಗೆ ಆ ಕೆಲಸದ ಹುಚ್ಚು ಹಿಡಿದಿತ್ತು ಎನ್ನುವುದೂ ಸುಳ್ಳಲ್ಲ. ಆಫೀಸಿನಲ್ಲಿ ಊಟದ ಹೊತ್ತಿಗೂ ಅದೇ ಧ್ಯಾನ. ಕೊನೆಗೆ ದಪ್ಪ ಕಬ್ಬಿಣದ ತಗಡಿನ, ಗಟ್ಟಿ ಕಾಲುಗಳ ಯಂತ್ರವೊಂದನ್ನು ತರಿಸಿದ. ಗೇರುಗಳು ಲೋಹದವು, ಗಡಿಯಾರವಿದ್ದ ಪೆಟ್ಟಿಗೆಗೆ ದೂಳು ಹೋಗದ ಮುಚ್ಚಳ. ಬಿಸಿಲಿಗೆ ಬ್ಯಾಟರಿ ಸಾಯುತ್ತದೆಂದು ಅದನ್ನು ನೆಲದಲ್ಲಿ ಗುಂಡಿ ತೋಡಿ ನೆರಳಲ್ಲಿ ಹೂಳಿಸಿದ. ಪಾರಿವಾಳ ನುಗ್ಗದ ಹಾಗೆ ಸುತ್ತ ಜಾಲರಿ ಕಟ್ಟಿಸಿದ. ಮೇವಿಗೆ ತೇವ ತಾಗದಂತೆ ಒಳಗೋಡೆಗೆ ಇನ್ನೊಂದು ಪದರ ಹಾಕಿಸಿದ. ಮೇವು ಕಡಿಮೆಯಾದರೆ ಮೊಬೈಲಿಗೆ ಸಂದೇಶ ಬರುವಂತೆಯೂ ಮಾಡಿದ. ಜುಲೈ ಪೂರ್ತಿ ಅದು ಒಂದು ಹೊತ್ತೂ ತಪ್ಪಲಿಲ್ಲ.

ತಪ್ಪಿದ್ದು ಜಿಂಕೆಗಳು. ಮೊದಮೊದಲು ಯಂತ್ರ ಗರಗರ ಎಂದೊಡನೆ ಹಿಂಡು ದಿಕ್ಕಾಪಾಲಾಗಿ ಓಡುತ್ತಿತ್ತು. ಮೇವು ನೆಲದಲ್ಲಿ ಹಾಗೇ ಬಿದ್ದಿರುತ್ತಿತ್ತು. ಆಗ ತನಿಯ ತಾನೇ ಯಂತ್ರದ ಕೆಳಗೆ ಹೋಗಿ ನಿಂತ. ಗರಗರ ಶಬ್ದ ಬಂದಾಗೆಲ್ಲ ಅವುಗಳನ್ನು ಕರೆದ, ಬಿದ್ದ ಮೇವನ್ನು ಬೊಗಸೆಯಲ್ಲಿ ಎತ್ತಿ ಹಿಡಿದ. ಒಂದೊಂದಾಗಿ ಬಂದವು. ದಿನದಿನಕ್ಕೆ ಅವನು ಸ್ವಲ್ಪ ಸ್ವಲ್ಪ ಹಿಂದೆ ಸರಿದು ನಿಂತ. ಕೊನೆಗೆ ಕೋಣೆಯ ಹೊಸ್ತಿಲಲ್ಲಿ ಕೂತು ನೋಡಿದ. ಗರಗರ ಕೇಳುತ್ತಲೇ ಬಯಲಿನ ಮೂಲೆಮೂಲೆಯಿಂದ ಜಿಂಕೆಗಳು ಓಡೋಡಿ ಬಂದವು. ಯಾವುದೂ ಕೋಣೆಯ ಕಡೆ ಕತ್ತು ತಿರುಗಿಸಲಿಲ್ಲ.

“ಕಲ್ತವು ಸರ್,” ಎಂದ ತನಿಯ. ಸಂತೋಷವೋ ಏನೋ, ದನಿ ಸ್ವಲ್ಪ ಗೊಗ್ಗರಾಗಿತ್ತು.

ನಾಸರನ ಮುಂದೆ ವಿಷಯ ಇಡುವ ದಿನ ದೊರೆಸ್ವಾಮಿ ಇಸ್ತ್ರಿ ಹಾಕಿದ ಹೊಸ ಅಂಗಿ ತೊಟ್ಟು ಹೋದ. ದೊಡ್ಡ ಪರದೆಯ ಮೇಲೆ ಜಿಂಕೆಗಳು ಯಂತ್ರದ ಸುತ್ತ ಮೇಯುವ ವಿಡಿಯೊ ತೋರಿಸಿದ. ಮೇಜಿನ ಸುತ್ತ ಕೂತಿದ್ದ ಲೆಕ್ಕದವರು, ವಕೀಲರು ಎಲ್ಲ ಬೆರಗಾದರು. ನಾಸರ್ ಮುಂದೆ ಬಾಗಿ, “ಇದನ್ನು ನಂಬಬಹುದಾ?” ಎಂದು ಕೇಳಿದ.

ತನಿಯನಿಗೆ ಒಂದು ತಿಂಗಳ ರಜೆ ಬೇಕು, ಅಲ್ಲಿಯವರೆಗೆ ಇದು ಸಾಕು. ದೊರೆಸ್ವಾಮಿ ಹೇಳಲು ಹೋದದ್ದು ಇಷ್ಟೇ. ಆದರೆ ಅಷ್ಟು ಜನ ಕಣ್ಣರಳಿಸಿ ತನ್ನನ್ನೇ ನೋಡುತ್ತಿದ್ದಾಗ ಅವನ ನಾಲಿಗೆ ಒಂದು ಹೆಜ್ಜೆ ಮುಂದೆ ಹೋಯಿತು.

“ಸರ್, ಒಮ್ಮೆ ತುಂಬಿದರೆ ವಾರಗಟ್ಟಲೆ ತಿರುಗಿ ನೋಡಬೇಕಾಗಿಲ್ಲ. ನೀರಿನ ಲಾರಿಯವನೇ ತುಂಬಿ ಹೋಗಬಹುದು. ಇನ್ನು ಆ ಜಮೀನಿಗೆ ಮನುಷ್ಯನೇ ಬೇಕಾಗಿಲ್ಲ.”

ನಾಸರ್ ಮೇಜು ತಟ್ಟಿದ. “ಶಾಬಾಶ್ ದೊರೆ!” ಎಲ್ಲರೂ ನಕ್ಕರು. ದೊರೆಸ್ವಾಮಿಯೂ ನಕ್ಕ. ಆಮೇಲೆ ತನಿಯನ ರಜೆಯ ಮಾತೆತ್ತಿದ. ನಾಸರ್, “ಹೋಗಿ ಬರಲಿ, ಪಾಪ” ಎಂದು ಆಗಲೇ ಒಪ್ಪಿಗೆ ಕೊಟ್ಟ.

ಅಂದು ಸಂಜೆ ಮನೆಯಲ್ಲಿ ನಡೆದದ್ದನ್ನೆಲ್ಲ ಹೆಂಡತಿಗೆ ನಾಟಕದ ಹಾಗೆ ಮಾಡಿ ತೋರಿಸಿದ. ರತ್ನಪ್ರಭಾ ಹುರುಳಿಕಾಯಿ ಮುರಿಯುತ್ತ ಕೇಳಿಸಿಕೊಂಡಳು.

“ಮನುಷ್ಯನೇ ಬೇಡ ಅಂದ್ರಾ?”

“ಹೂಂ. ಎಲ್ಲರೂ ಬಾಯಿ ಬಿಟ್ಕೊಂಡು ಕೂತ್ಬಿಟ್ರು.”

“ಹಾಗಾದ್ರೆ ತನಿಯಣ್ಣ ವಾಪಸ್ ಬಂದು ಏನ್ಮಾಡ್ತಾರೆ?”

“ನಿಂಗೊಂದು! ಬೇಲಿ ನೋಡೋರು ಬೇಡ್ವಾ, ಮರಿ ಹಾಕಿದ್ರೆ ನೋಡೋರು ಬೇಡ್ವಾ? ಅದೆಲ್ಲ ಅವರಿಗೂ ಗೊತ್ತಿರತ್ತೆ.”

ರತ್ನಪ್ರಭಾ ಇನ್ನೊಂದು ಹಿಡಿ ಕಾಯಿ ಮಡಿಲಿಗೆ ಎಳೆದುಕೊಂಡಳು. ಹೆಂಡತಿಗೆ ಆಫೀಸಿನ ವ್ಯವಹಾರ ಏನು ತಿಳಿಯುತ್ತದೆ ಎಂದು ದೊರೆಸ್ವಾಮಿ ಟಿವಿ ಹಾಕಿದ.

ಆಗಸ್ಟ್ ಮೊದಲ ವಾರ ತನಿಯನನ್ನು ಅವನೇ ಕಾರಿನಲ್ಲಿ ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದ. ದಾರಿಯುದ್ದಕ್ಕೂ ತನಿಯ ಮಾತಾಡಿದ. ಅವನು ಅಷ್ಟು ಮಾತಾಡಿದ್ದನ್ನು ದೊರೆಸ್ವಾಮಿ ಹಿಂದೆಂದೂ ಕಂಡಿರಲಿಲ್ಲ. ಹೊಸ ಬ್ಯಾಗಿನಲ್ಲಿ ಪೂವಕ್ಕನಿಗೆ ಎರಡು ಸೀರೆ, ಒಂದು ಮೆತ್ತನೆಯ ಕಂಬಳಿ. ತನ್ನ ಹಳೆಯ ಪೆಟ್ಟಿಗೆ, ಬಟ್ಟೆಬರೆ ಎಲ್ಲ ಜಮೀನಿನ ಕೋಣೆಯಲ್ಲೇ ಬಿಟ್ಟಿದ್ದ. ಒಂದು ತಿಂಗಳಿಗೆ ಅವೆಲ್ಲ ಹೊತ್ತುಕೊಂಡು ಹೋಗುವುದೇಕೆ?

ಆಪರೇಷನ್ ಸುಸೂತ್ರವಾಯಿತು. ತನಿಯ ಆಸ್ಪತ್ರೆಯ ಜಗಲಿಯಿಂದ ಫೋನು ಮಾಡಿ, “ಕಣ್ಣು ಬಿಟ್ಟಳು ಸರ್, ನನ್ನನ್ನು ನೋಡಿ ಊಟ ಆಯ್ತಾ ಕೇಳಿದಳು” ಎಂದು ನಗುತ್ತ ಅಳುತ್ತ ಹೇಳಿದ. ದೊರೆಸ್ವಾಮಿಯ ಕಣ್ಣೂ ಒದ್ದೆಯಾಯಿತು. ಇಲ್ಲಿ ಯಂತ್ರ ಹೊತ್ತು ತಪ್ಪದೆ ತಿರುಗುತ್ತಿತ್ತು.

ರಜೆ ಮುಗಿಯಲು ಇನ್ನೂ ಕೆಲವು ದಿನ ಇರುವಾಗ, ಆಫೀಸಿನಲ್ಲಿ ಸಿಬ್ಬಂದಿಯ ವ್ಯವಹಾರ ನೋಡುತ್ತಿದ್ದ ಎಡ್ನಾ ದೊರೆಸ್ವಾಮಿಯ ಮೇಜಿನ ಹತ್ತಿರ ಬಂದಳು. ಮಂಗಳೂರಿನವಳು, ಯಾವಾಗಲೂ ಗಲಗಲ ಮಾತಾಡುವವಳು. ಅಂದು ಕುರ್ಚಿ ಎಳೆದುಕೊಂಡು ತಗ್ಗಿದ ದನಿಯಲ್ಲಿ ಮಾತಾಡಿದಳು.

“ಜಮೀನಿನ ತನಿಯ ಇನ್ನು ಬರುವುದು ಬೇಡ ಅಂತ ಆಗಿದೆ ದೊರೆಸ್ವಾಮಿ. ವೀಸಾ ಕ್ಯಾನ್ಸಲ್ ಮಾಡ್ಲಿಕ್ಕೆ ಹೇಳಿದ್ದಾರೆ. ಬರಬೇಕಾದ್ದೆಲ್ಲ ಕೊಡ್ತಾರೆ, ಅದರ ಮೇಲೆಯೂ ಸ್ವಲ್ಪ ಕೊಡ್ತಾರೆ. ಅವನಿಗೆ ನಾನೇ ಫೋನ್ ಮಾಡಬೇಕು. ನಿಮ್ಮ ಸ್ನೇಹಿತ ಅಲ್ವಾ, ಮೊದಲು ನಿಮಗೆ ಹೇಳುವ ಅಂತ ಬಂದೆ.”

“ಯಾಕಂತೆ?”

ಎಡ್ನಾ ಅವನನ್ನೇ ನೋಡಿದಳು. “ಅಲ್ಲಿ ಮನುಷ್ಯ ಬೇಡ ಅಂತ ಮೀಟಿಂಗಿನಲ್ಲಿ ಆಯ್ತಂತಲ್ಲ.”

ದೊರೆಸ್ವಾಮಿ ನೇರ ನಾಸರನ ಕೋಣೆಗೆ ಹೋದ. ನಾಸರ್ ಕೆಟ್ಟವನಲ್ಲ. ಕೂರಲು ಹೇಳಿದ, ಅರಬ್ಬಿ ಕಾಫಿ ಗಹ್ವಾ ತರಿಸಿದ. ಕೇಳಿದ ಮೇಲೆ ನಿಜವಾಗಿಯೂ ಆಶ್ಚರ್ಯಪಟ್ಟ.

“ನೀನೇ ಹೇಳಿದೆಯಲ್ಲ ದೊರೆ? ಅವನಿಗೂ ವಯಸ್ಸಾಯಿತು. ಹೆಂಡತಿಗೆ ಹುಷಾರಿಲ್ಲ. ಇಷ್ಟು ವರ್ಷ ಒಂಟಿಯಾಗಿ ಇದ್ದ. ಮನೆಯಲ್ಲಿ ಇರಲಿ. ನಿನಗೆ ಸಂತೋಷವಾಗುತ್ತದೆ ಅಂದುಕೊಂಡಿದ್ದೆ.”

“ಮರಿ ಹಾಕುವ ಕಾಲದಲ್ಲಿ ಒಬ್ಬರು ಬೇಕು ಸರ್. ಕಾಯಿಲೆ ಬಂದರೆ...”

“ಪಶುವೈದ್ಯ ಬರುತ್ತಾನಲ್ಲ. ಬೇಲಿಗೆ ಕ್ಯಾಮೆರಾ ಹಾಕಿಸೋಣ. ನೀನೇ ಒಳ್ಳೆಯದು ನೋಡಿ ಆರಿಸು.”

ಇನ್ನೊಂದು ಮಾತಿತ್ತು. ನಾನು ಹೇಳಿದ್ದು ತಪ್ಪು, ಜಂಬಕ್ಕೆ ಬಾಯಿ ಜಾರಿತು, ಆ ಯಂತ್ರದ ಹತ್ತಿರಕ್ಕೆ ಜಿಂಕೆಗಳನ್ನು ತಂದು ಬಿಟ್ಟವನೇ ತನಿಯ ಎನ್ನಬೇಕಿತ್ತು. ಹೇಳಿದರೆ ತಾನು ಆರಿಸಿದ್ದರಲ್ಲಿ ಕುಂದು ಇದೆ ಎಂದು ತಾನೇ ಒಪ್ಪಿಕೊಂಡಂತಾಗುತ್ತದೆ. ನಾಸರ್ ನಗುಮುಖದಿಂದ ನೋಡುತ್ತಿದ್ದ. ಫೋನು ರಿಂಗಾಯಿತು. ದೊರೆಸ್ವಾಮಿ ಗಹ್ವಾದ ಬಟ್ಟಲು ಕೆಳಗಿಟ್ಟು “ಥ್ಯಾಂಕ್ಯೂ ಸರ್” ಎಂದು ಎದ್ದುಬಂದ. ಯಾತಕ್ಕೆ ಥ್ಯಾಂಕ್ಯೂ ಎಂದೆ ಎಂಬುದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ತನಿಯನಿಗೆ ತಾನೇ ಹೇಳುವುದಾಗಿ ಎಡ್ನಾಳನ್ನು ಒಪ್ಪಿಸಿದ. ಕಾರು ಪಾರ್ಕಿಂಗಿನಲ್ಲಿ ಕೂತು ಫೋನು ಮಾಡಿದ. ವಿಷಯವನ್ನು ಹೇಗೆ ಹೇಳಿದನೋ, ಮೀಟಿಂಗಿನಲ್ಲಿ ತಾನು ಆಡಿದ ಮಾತನ್ನು ಮಾತ್ರ ಹೇಳಲಿಲ್ಲ. ಆ ಕಡೆ ಮಳೆ ಸುರಿಯುತ್ತಿತ್ತು.

“ಹೌದಾ ಸರ್,” ಎಂದ ತನಿಯ. “ಯಾವಾಗಲಾದ್ರೂ ಒಂದು ದಿನ ಹೇಳುದೇ ಅಲ್ವಾ.” ಆಮೇಲೆ ಕೇಳಿದ, “ಮೇವು ತಿಂತಾ ಉಂಟಾ ಅವು?”

“ತಿಂತಿವೆ ತನಿಯಣ್ಣ.”

“ಆ ಮೂಲೆಯಲ್ಲಿ ಒಂದು ಬಸುರಿ ಇತ್ತು. ಹಾಕಿತಾ?”

ದೊರೆಸ್ವಾಮಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. “ಹಾಕಿದೆ,” ಎಂದ. “ಚೆನ್ನಾಗಿದೆ ಮರಿ.”

“ಒಳ್ಳೆದಾಯ್ತು ಮಾರಾಯ್ರೆ.”

ಮರುವಾರ ತನಿಯನ ಸಾಮಾನು ತರಲು ಜಮೀನಿಗೆ ಹೋದ. ಅಷ್ಟೂ ಸಾಮಾನು ಕಾರಿನ ಹಿಂದಿನ ಸೀಟಿನಲ್ಲೇ ಹಿಡಿಸಿತು: ಪೆಟ್ಟಿಗೆ, ಚಾಪೆ, ಚಹಾದ ಪಾತ್ರೆ, ಗೋಡೆಗೆ ನೇತುಹಾಕಿದ್ದ ದೈವದ ಪಟ. ಬಸುರಿ ಜಿಂಕೆಯನ್ನು ಹುಡುಕುತ್ತ ಬೇಲಿಯ ಉದ್ದಕ್ಕೂ ನಡೆದ. ಎಲ್ಲವೂ ಅವನ ಕಣ್ಣಿಗೆ ಒಂದೇ ರೀತಿ ಕಂಡವು. ಸಂಜೆಯ ಹೊತ್ತಿಗೆ ಸರಿಯಾಗಿ ಯಂತ್ರ ತಿರುಗಿತು, ಹಿಂಡು ಬಂತು, ತಿಂದು ಹೋಯಿತು. ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಯಂತ್ರವನ್ನು ಅವನು ತನ್ನ ಜನ್ಮದಲ್ಲಿ ಕೊಂಡಿರಲಿಲ್ಲ. ಅದು ಒಂದು ದಿನ, ಒಂದೇ ಒಂದು ದಿನ ಕೆಟ್ಟು ನಿಲ್ಲಬಾರದೇ ಎಂದು ಮನಸ್ಸಿನಲ್ಲಿ ಬೇಡಿಕೊಂಡ. ಕೆಡುವ ಹಾಗೆ ಅವನು ಮಾಡಿರಲಿಲ್ಲ.

ಬೇರೆಯವರ ಮಜ್ರಾಗಳಲ್ಲಿ, ಅಂದರೆ ತೋಟಗಳಲ್ಲಿ, ಕೆಲಸ ಇದೆಯೇ ಎಂದು ವಿಚಾರಿಸಿದ, ಪರಿಚಯದವರಿಗೆಲ್ಲ ಹೇಳಿಟ್ಟ. ವಯಸ್ಸು ಕೇಳಿ ಎಲ್ಲರೂ ಹಿಂಜರಿದರು. ಕೊನೆಗೊಬ್ಬ ಒಪ್ಪಿದಾಗ ತನಿಯನೇ ಬೇಡವೆಂದ. ಪೂವಕ್ಕ ಇನ್ನು ಕಳಿಸುವುದಿಲ್ಲವಂತೆ. ವಿಟ್ಲದ ಪೇಟೆಯಲ್ಲಿ ಒಂದು ಸಾಮಿಲ್ಲಿನಲ್ಲಿ ರಾತ್ರಿ ಕಾವಲು ಸಿಕ್ಕಿದೆ, ಸಾಕು ಎಂದ. ಹಗಲು ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ, “ಸಂಜೆ ಆಗುವಾಗ ಒಂದು ನಮೂನೆ ಆಗ್ತದೆ ಸರ್. ಎಂತದೋ ಮರೆತ ಹಾಗೆ. ಎದ್ದು ಅಂಗಳಕ್ಕೆ ಹೋಗಿ ನಿಲ್ತೇನೆ” ಎಂದ.

ದೀಪಾವಳಿಯ ದಿನ ವಿಡಿಯೊ ಕರೆ ಬಂತು. ರತ್ನಪ್ರಭಾಳೂ ಪಕ್ಕದಲ್ಲಿ ಕೂತಳು. ತನಿಯ ಕ್ಷೌರ ಮಾಡಿಸಿಕೊಂಡು, ಬಿಳಿ ಅಂಗಿ ಹಾಕಿಕೊಂಡು ಇನ್ನೂ ಸಣ್ಣಗೆ ಕಾಣುತ್ತಿದ್ದ. ಫೋನನ್ನು ಹೆಂಡತಿಯ ಕೈಗೆ ಕೊಟ್ಟ. ಪೂವಕ್ಕ ಸೆರಗು ಸರಿಮಾಡಿಕೊಂಡು, ಅಭ್ಯಾಸವಿಲ್ಲದ ಕನ್ನಡದಲ್ಲಿ ನಿಧಾನವಾಗಿ ಹೇಳಿದಳು.

“ನೀವು ಆ ಮಿಶನ್ ತಂದು ಇವರನ್ನು ಕಳಿಸಿ ಕೊಟ್ರಿ. ಇಲ್ಲದಿದ್ರೆ ನಾನು ಒಬ್ಬಳೇ ಹೋಗ್ಬೇಕಿತ್ತು ಒಳಗೆ. ಇವರು ಇಲ್ಲಿ ಎಲ್ಲರತ್ರ ನಿಮ್ಮ ಹೆಸರು ಹೇಳುದು. ದೇವರು ನಿಮ್ಮನ್ನು ಚೆನ್ನಾಗಿಡ್ಲಿ.”

ದೊರೆಸ್ವಾಮಿ ಬಾಯಿ ತೆರೆದ. “ಅಯ್ಯೋ, ನಾನೇನು ಮಾಡಿದೆ ಅಮ್ಮ” ಎಂದಷ್ಟೇ ಬಂತು. ಪೂವಕ್ಕ ಅದನ್ನು ಸೌಜನ್ಯವೆಂದೇ ತಿಳಿದು ನಕ್ಕಳು.

ಕರೆ ಮುಗಿದ ಮೇಲೆ ರತ್ನಪ್ರಭಾ ಎದ್ದು ಹೋಗಲಿಲ್ಲ. “ಹೇಳಬಹುದಿತ್ತಲ್ರೀ,” ಎಂದಳು ಮೆಲ್ಲಗೆ.

“ಹೇಳಿದ್ರೆ ನನಗೆ ಹಗುರ ಆಗತ್ತೆ. ಅವರಿಗೆ ಇರೋ ಒಂದು ಸಮಾಧಾನವೂ ಹೋಗತ್ತೆ.”

“ಅದು ಅವರ ಒಳ್ಳೇದಕ್ಕೋ, ನಿಮ್ಮ ಹೆದರಿಕೆಗೋ?”

ಅವಳು ಅವನ ಮೊಣಕೈ ಮೇಲೆ ಒಂದು ಕ್ಷಣ ಕೈಯಿಟ್ಟು, ಒಳಗೆ ಹೋಗಿ ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕಿದಳು. ದೊರೆಸ್ವಾಮಿ ಬಾಲ್ಕನಿಗೆ ಬಂದು ನಿಂತ. ಕೆಳಗೆ ಅಲ್ ಗರಾಫಾದ ರಸ್ತೆಯಲ್ಲಿ ಕಾರುಗಳು ಹಾದುಹೋಗುತ್ತಿದ್ದವು. ಪಕ್ಕದ ಕಟ್ಟಡದ ಕನ್ನಡದ ಮನೆಯೊಂದರ ಮಕ್ಕಳು ಇಂಗ್ಲಿಷಿನಲ್ಲಿ ಕೂಗಾಡುತ್ತ ಬಾಗಿಲಿಗೆ ಹಣತೆ ಹಚ್ಚುತ್ತಿದ್ದರು. ನಾಳೆ ಆಫೀಸಿಗೆ ಹೋದರೆ ಜಮೀನಿನ ಬೇಲಿಗೆ ಕ್ಯಾಮೆರಾ ಆರಿಸುವ ಕೆಲಸ ಮೇಜಿನ ಮೇಲೆ ಕಾಯುತ್ತಿತ್ತು. ನಾಸರ್ ಅದನ್ನು ಈಗಾಗಲೇ ಕೇಳಿದ್ದ. ದೊರೆಸ್ವಾಮಿ ಒಂದಲ್ಲ ಒಂದು ನೆಪ ಹೇಳಿ ಮುಂದೂಡುತ್ತಲೇ ಬಂದಿದ್ದ.